ನಿನ್ನೆಯದನ್ನು ಕೇಳುತ್ತಿದ್ದ ವಾರಿಜಕ್ಕ

ಯಾರ ಮನೆಗೆ ಹೋದರೂ ವಾರಿಜಕ್ಕ ಚಪ್ಪಲಿ ಬಿಡುತ್ತಲೇ ಒಂದು ಪ್ರಶ್ನೆ ಕೇಳುತ್ತಿದ್ದರು: "ನಿನ್ನೆದ್ದು ಏನಾದ್ರೂ ಉಂಟಾ?" ಚಹಾ ಬೇಡ, ಬಿಸ್ಕೀಟು ಬೇಡ, ಆಗಷ್ಟೇ ಇಳಿಸಿದ ಬಿಸಿ ಉಪ್ಪಿಟ್ಟೂ ಬೇಡ. ನಿನ್ನೆಯ ಅನ್ನ, ನಿನ್ನೆಯ ಸಾರು, ಪಾತ್ರೆಯ ತಳದಲ್ಲಿ ಉಳಿದ ಒಂದು ಸೌಟು ಪಲ್ಯ, ಇವೇ ಬೇಕು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹೀಗೇ ಕೇಳಿದರು. ಬಾಗಲಕೋಟೆ ಕಡೆಯವರಾದ ನಮ್ಮ ಅತ್ತೆ ಗಾಬರಿಯಾಗಿ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, ಪಿಸುಮಾತು ಅಂದುಕೊಂಡು ಜೋರಾಗಿಯೇ ಕೇಳಿದರು: "ಏನವಾ ನೀಲಾ, ಇಕಿ ಡಾಕ್ಟರ್ ಅಂದಿ. ಬೇಡಾಕ ಬಂದಾಕಿ ಹಂಗ ಕಾಣ್ತಾಳಲ್ಲ?"

ಹೊರಗಿನಿಂದ ಉತ್ತರ ಬಂತು. "ಎರಡೂ ಹೌದು ಅಮ್ಮ. ಡಾಕ್ಟರೂ ಹೌದು, ಬೇಡ್ಲಿಕ್ಕೆ ಬಂದದ್ದೂ ಹೌದು."

ಅತ್ತೆ ನಾಚಿ, ತಂಗಳು ರೊಟ್ಟಿ ಮುರಿದು ಮೊಸರು ಕಲಸಿ ಕೊಟ್ಟರು. ವಾರಿಜಕ್ಕ ನೆಲದ ಮೇಲೆ ಕೂತು, ಬೆರಳು ಚೀಪಿ ಚೀಪಿ ತಿಂದರು. ಆ ದಿನದಿಂದ ನಮ್ಮ ಅತ್ತೆಗೆ ಡೊಂಬಿವಲಿಯಲ್ಲಿ ಅವರಷ್ಟು ದೊಡ್ಡ ಮನುಷ್ಯರು ಬೇರೆ ಇರಲಿಲ್ಲ.

ಅವರು ಡಾಕ್ಟರಾದದ್ದು ಸೂಜಿ ಚುಚ್ಚುವುದಕ್ಕಲ್ಲ, ಊಟದ ಬಗ್ಗೆ ಓದಿ. ಊರು ಉಡುಪಿ ಕಡೆ. ಠಾಣೆಯ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಗೃಹವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳಿದವರಿಗೆ, "ನನಗೆ ಅಡಿಗೆಯ ಬಗ್ಗೆ ಮಾತಾಡ್ಲಿಕ್ಕೆ ಖುಷಿ, ದಿನಾ ಮಾಡ್ಲಿಕ್ಕೆ ಅಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಒಂದರೊಳಗೊಂದು ಕೂರುವ ಸ್ಟೀಲಿನ ಬಟ್ಟಲುಗಳು. ಎಷ್ಟು ತಿಂದಿರಿ ಎಂದರೆ ಯಾರಿಗೂ ಹೇಳಲು ಬರುವುದಿಲ್ಲವಲ್ಲ, ಅದಕ್ಕೇ ಬಟ್ಟಲು ತೋರಿಸಿ, "ಇಷ್ಟಾ? ಇಷ್ಟಾ?" ಎಂದು ಕೇಳುವುದು. ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಆ ಚೀಲ ಖಣ ಖಣ ಎನ್ನುತ್ತಿತ್ತು. ಲೇಡೀಸ್ ಡಬ್ಬಿಯವರಿಗೆಲ್ಲ ಅವರು 'ವಾಟಿವಾಲಿ ಬಾಯಿ', ಬಟ್ಟಲಿನಮ್ಮ, ಎಂದೇ ಪರಿಚಯ. ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತ ಹೆಂಗಸರ ಪಕ್ಕದಲ್ಲಿ ಜಾಗ ಮಾಡಿಕೊಂಡು ತಾವೂ ಒಂದು ಕಟ್ಟು ಎತ್ತಿಕೊಳ್ಳುತ್ತಿದ್ದರು. "ದಂಟು ಎಸೀತೀರಾ? ಅಯ್ಯೋ, ಪಲ್ಯಕ್ಕೆ ಹಾಕಿ" ಎಂದು ಶುರುವಾದರೆ ಠಾಣೆ ಬಂದದ್ದೂ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ನವಿ ಮುಂಬಯಿಯ ಒಂದು ಸಂಸ್ಥೆ ಅವರಿಗೆ ಒಂದು ಕೆಲಸ ವಹಿಸಿತು. ನಮ್ಮ ಕಡೆಯ ಮನೆಗಳ ಊಟವನ್ನು ಅಳೆಯಬೇಕು. ರುಚಿಯನ್ನಲ್ಲ, ಬಾಳಿಕೆಯನ್ನು. ಸಂಸ್ಥೆಯ ಹುಡುಗರು ಅದಕ್ಕೆ ಉದ್ದುದ್ದ ಇಂಗ್ಲಿಷ್ ಹೆಸರು ಹೇಳುತ್ತಿದ್ದರು. ಕನ್ನಡ ಪತ್ರಿಕೆಯವರು ಸುಸ್ಥಿರ ಆಹಾರ ಎಂದು ಬರೆಯುತ್ತಿದ್ದರು. ನನಗೆ ಎರಡೂ ಅರ್ಥವಾಗದೆ ಕಣ್ಣು ಬಿಟ್ಟಾಗ ವಾರಿಜಕ್ಕ ಹೇಳಿದ್ದು ಇಷ್ಟು: "ಇವತ್ತು ನಾವು ಉಣ್ಣುವ ಊಟ ನಾಳೆ ನಮ್ಮ ಮೊಮ್ಮಕ್ಕಳಿಗೂ ಸಿಕ್ತದಾ? ಭೂಮಿಗೆ, ನೀರಿಗೆ ಭಾರ ಆಗದ ಹಾಗೆ ಸಿಕ್ತದಾ? ಅದನ್ನು ನೋಡುವುದು, ಅಷ್ಟೇ." ತರಕಾರಿ ಎಷ್ಟು ದೂರದಿಂದ ಬಂತು, ಗ್ಯಾಸು ಎಷ್ಟು ಉರಿಯಿತು, ಎಷ್ಟು ಕಸದ ಡಬ್ಬಿಗೆ ಹೋಯಿತು, ಬೇಳೆ ಸೊಪ್ಪು ಬೇಯಿಸುತ್ತಾರೋ ಇಲ್ಲವೋ, ಒಂದೊಂದಕ್ಕೂ ಅಂಕ. ಕೂಡಿಸಿದರೆ ಮನೆಯ ಊಟಕ್ಕೆ ಒಂದು ಒಟ್ಟು ಅಂಕ ಬರಬೇಕು. ಆ ಮಾಪನವನ್ನು ಕಟ್ಟಲು ವಾರಿಜಕ್ಕ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಮಗಳಿಗೆ ಒಡವೆ ಮಾಡಿಸುವವರ ಶ್ರದ್ಧೆ ಅದರಲ್ಲಿತ್ತು.

ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಹೋಗಲು ಜೊತೆಗೆ ಒಬ್ಬರು ಬೇಕೆಂದು ನನ್ನನ್ನು ಕರೆದುಕೊಂಡರು; ನಮ್ಮ ಮನೆಗೆ ಆ ಮೊದಲ ಸಲ ಬಂದದ್ದೂ ಇದನ್ನು ಕೇಳಲೆಂದೇ. ಮಗ ಶಾಲೆಗೆ ಹೋದ ಮೇಲೆ ಮನೆಯಲ್ಲಿ ನನಗೂ ಬೇಸರವೇ. ಮೊದಲ ದಿನವೇ ಕೇಳಿಬಿಟ್ಟೆ, "ಅಲ್ರೀ ಅಕ್ಕಾ, ಹೋದ ಮನ್ಯಾಗೆಲ್ಲಾ ತಂಗಳ ಕೇಳ್ತೀರಲ್ಲ, ನಾಚಿಕಿ ಬರಂಗಿಲ್ಲೇನ್ರಿ?"

"ಬರ್ತಿತ್ತು. ಹೋದ ವಾರ ಬಿಟ್ಟೆ" ಎಂದರು. ಹೋದ ವಾರ ಆದದ್ದೇ ಒಂದು ಕತೆ. ಸ್ಟೇಷನ್ ಹತ್ತಿರದ ಒಂದು ಸೊಸೈಟಿ, ಬಹುಪಾಲು ಕರಾವಳಿಯವರದ್ದು. ಊಟ ಬರೆದುಕೊಳ್ಳಲು ಮೇಡಂ ಬರುತ್ತಾರೆಂದು ಸೆಕ್ರೆಟರಿ ಮುಂಚಿತವಾಗಿ ಬೋರ್ಡಿನಲ್ಲಿ ಬರೆದು ಹಾಕಿದ್ದ. ನಮ್ಮ ಜನ ಬಿಡುತ್ತಾರೆಯೇ? ತಮ್ಮ ಮನೆಯ ಊಟ ಕಾಗದದ ಮೇಲೆ ಬರುತ್ತದೆ ಎಂದರೆ ಮಾನದ ಪ್ರಶ್ನೆ. ಒಂದು ಮನೆಯಲ್ಲಿ ಪತ್ರೊಡೆ, ಮೇಲಿನ ಮನೆಯಲ್ಲಿ ಕಡುಬು, ಅದರ ಮೇಲಿನ ಮನೆಯಲ್ಲಿ ಕೋಳಿ ಸುಕ್ಕ, ಎಲ್ಲರಲ್ಲೂ ಪಾಯಸ. ನಿನ್ನೆ ಏನು ಉಂಡಿರಿ ಎಂದರೂ ಇವತ್ತಿನ ಪಾಯಸವನ್ನೇ ಹೇಳುವವರು. ಉಣ್ಣದೆ ಬಿಡುವವರೂ ಅಲ್ಲ. ವಾರಿಜಕ್ಕ ಮೂರನೇ ಮಾಳಿಗೆಗೆ ಬರುವ ಹೊತ್ತಿಗೆ ಏದುಸಿರು ಬಿಡುತ್ತಿದ್ದರಂತೆ. "ಈ ಲೆಕ್ಕ ಕೊಟ್ರೆ ಡೊಂಬಿವಲಿಯಲ್ಲಿ ದಿನಾ ಮದುವೆ ಅಂತಾಗ್ತದೆ" ಎಂದು ಆ ಹಾಳೆಗಳನ್ನೆಲ್ಲ ಹರಿದು ಹಾಕಿದರು. ಅಲ್ಲಿಂದ ಹೇಳದೆ ಕೇಳದೆ ಹೋಗುವುದು, ಹೋದವರು ನಿನ್ನೆಯದನ್ನು ಕೇಳುವುದು. ನಿನ್ನೆಯದು ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಮೇಲಾಗಿ ಅವರಿಗೆ ಅದು ಇಷ್ಟವೂ ಹೌದು. "ಮೀನು ಸಾರು ಮಾಡಿದ ದಿನ ಉಣ್ಣುವವರು ಪಾಪದವರು ನೀಲಾ. ರುಚಿ ಬರುವುದು ಮರುದಿನ" ಎನ್ನುವರು. ಮೀನು ಮುಟ್ಟದ ನಾನು ಕಿಟಕಿಯ ಪಕ್ಕ ಸೆರಗು ಮೂಗಿಗೆ ಹಿಡಿದು ಕೂರುತ್ತಿದ್ದೆ.

ಅವರ ಮಾಪನ ಅವರನ್ನೇ ಅನೇಕ ಸಲ ಪೇಚಿಗೆ ಸಿಕ್ಕಿಸುತ್ತಿತ್ತು. ನಮ್ಮ ಮಂದಿಯ ಕಟಕ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ಅದನ್ನು ತಂಗಳು ಎನ್ನಬೇಕೋ ತಾಜಾ ಎನ್ನಬೇಕೋ ಎಂದು ಸಂಸ್ಥೆಯ ಹುಡುಗರೊಡನೆ ಅರ್ಧ ದಿನ ವಾದ ಮಾಡಿ ರೊಟ್ಟಿಯ ಪಕ್ಷವನ್ನು ಗೆಲ್ಲಿಸಿದರು. ಇನ್ನೊಂದು ಸಲ, ರೈಲು ಹಳಿಯ ಪಕ್ಕದಲ್ಲಿ ಬೆಳೆದ ಪಾಲಕ್‌ಗೆ ಪೂರ್ತಿ ಅಂಕ ಬಂದಿತ್ತು. ಹತ್ತಿರದ್ದು, ಲಾರಿ ಬೇಕಿಲ್ಲ, ಡೀಸೆಲ್ ಬೇಕಿಲ್ಲ. ವಾರಿಜಕ್ಕ ಸುಮ್ಮನಿರದೆ ಹೋಗಿ ನೋಡಿದರೆ ಅದಕ್ಕೆ ಬಿಡುತ್ತಿದ್ದದ್ದು ಮೋರಿಯ ಕಪ್ಪು ನೀರು. ಬಂದವರು ಅಂಕ ಹೊಡೆದು ಹಾಕಿ, "ಹತ್ತಿರದವರೆಲ್ಲ ನೆಂಟರಲ್ಲ" ಎಂದರು. ತಪ್ಪು ಸಿಕ್ಕಿದಾಗ ಅವರಿಗೆ ಬೇಜಾರಾಗುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಸಿಕ್ಕಿದ ಹಾಗೆ ಎತ್ತಿ ಆಚೆ ಎಸೆದು ಮುಂದೆ ಹೋಗುವರು. ಅಂಥವರನ್ನೂ ಒಂದು ತಪ್ಪು ಅಲ್ಲಾಡಿಸಿಬಿಟ್ಟಿತು.

ಎಲ್ಲ ಮನೆಗಳ ಅಂಕ ಕೂಡಿಸಿ ಆದ ಮೇಲೆ ಸಂಸ್ಥೆಯವರು ವಾಶಿಯಲ್ಲಿ ಒಂದು ಸಮಾರಂಭ ಇಟ್ಟುಕೊಂಡರು. ವಾರಿಜಕ್ಕನ ಮಾಪನವನ್ನು ಎಲ್ಲರ ಮುಂದೆ ಇಡುವುದು, ಮೊದಲು ಬಂದ ಮನೆಯ ಗೃಹಿಣಿಗೆ ವೇದಿಕೆಯ ಮೇಲೆ ಶಾಲು ಹೊದಿಸುವುದು. ಮೊದಲು ಬಂದಿದ್ದು ಡೊಂಬಿವಲಿಗೆ ಹತ್ತಿರದ ದಿವಾದಲ್ಲಿ, ಸಾಲುಮನೆಗಳ ಚಾಳಿನಲ್ಲಿದ್ದ ಗಿರಿಜಾ ಎಂಬ ಹೆಂಗಸು. ಕುಂದಾಪುರದ ಕಡೆಯವಳು, ಗಂಡ ಹೋಟೆಲಿನಲ್ಲಿ ದೋಸೆ ಹುಯ್ಯುವವನು, ಶಾಲೆಗೆ ಹೋಗುವ ಒಬ್ಬ ಮಗಳು. ಆ ಮನೆಯನ್ನು ನೋಡಿ ಬಂದದ್ದು ನಾವಲ್ಲ, ಸಂಸ್ಥೆಯ ಹುಡುಗಿಯರು. ಗ್ಯಾಸು ಕಡಿಮೆ, ಮಾಂಸ ಇಲ್ಲ, ಪೇಟೆಯ ಪೊಟ್ಟಣಗಳಿಲ್ಲ, ಅನ್ನ ಬೇಳೆ ಸೊಪ್ಪು ಉಂಟು, ಚೆಲ್ಲುವುದು ಏನೇನೂ ಇಲ್ಲ. ಕಸದ ಅಂಕಣದಲ್ಲಿ ಸೊನ್ನೆ ಬರೆಯುವಾಗ ಆ ಹುಡುಗಿಯರಿಗೆ ಎಷ್ಟು ಖುಷಿಯಾಗಿತ್ತೋ! ಅವರೇ ಫೋನು ಮಾಡಿ ಗಿರಿಜಾಗೆ ಸುದ್ದಿಯನ್ನೂ ಕೊಟ್ಟರು.

ಅವಳನ್ನು ನೋಡಿ ಬರೋಣವೆಂದು ವಾರಿಜಕ್ಕ ನನ್ನನ್ನೂ ಹೊರಡಿಸಿದರು. ಬೆಳಗಿನ ಹೊತ್ತು. ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಸಣ್ಣ ಮುಖ, ದೊಡ್ಡ ನಗು. ಪಕ್ಕದ ಮನೆಯವರಿಂದ ತಂದ ಹಸಿರು ರೇಷ್ಮೆ ಸೀರೆಯನ್ನು ತೋರಿಸಿ, "ಇದನ್ನೇ ಉಟ್ಕೊಂಡು ಬರುದು ಅಕ್ಕ. ಚಂದ ಇತ್ತಾ?" ಎಂದು ಕೇಳಿದಳು. ಇಡೀ ಚಾಳಿಗೆ ಸುದ್ದಿ ಹಬ್ಬಿತ್ತು. ಬಾಗಿಲಲ್ಲಿ ಇಣುಕಿದವರೆಲ್ಲ "ಪೈಲಾ ನಂಬರ್, ಪೈಲಾ ನಂಬರ್" ಎಂದು ಅವಳನ್ನು ರೇಗಿಸುತ್ತಿದ್ದರು.

ವಾರಿಜಕ್ಕ ಅಭ್ಯಾಸದಂತೆ ಕೂತು ಕೇಳಿದರು. "ನಿನ್ನೆದ್ದು ಏನಾದ್ರೂ ಉಂಟಾ ಗಿರಿಜಾ?"

"ನಮ್ಮನೇಲಿ ಉಳಿಯುದೇ ಇಲ್ಲ ಅಕ್ಕ" ಎಂದು ಅವಳು ಹೆಮ್ಮೆಯಿಂದ ನಕ್ಕಳು.

ವಾರಿಜಕ್ಕ ನೀರು ಕುಡಿಯುವ ನೆಪದಲ್ಲಿ ಒಲೆಯ ಕಡೆಗೆ ಎದ್ದು ಹೋದರು. ಯಾರ ಮನೆಯಲ್ಲೇ ಆಗಲಿ ಮುಚ್ಚಳ ಎತ್ತಿ ನೋಡುವುದು ಅವರ ರೂಢಿ. ಅನ್ನದ ಪಾತ್ರೆ ತೊಳೆದು ಬೋರಲು ಹಾಕಿತ್ತು, ಒಣಗಿ ಹೋಗಿತ್ತು. ಬೇರೆ ಯಾವ ಪಾತ್ರೆಯಲ್ಲೂ ಏನೂ ಇರಲಿಲ್ಲ.

"ಬೆಳಿಗ್ಗೆ ಎಂತ ತಿಂದೆ?"

"ಮಗಳು ಗಂಜಿ ಉಂಡ್ಕಂಡು ಹೋಯ್ತು."

"ನೀನು?"

"ಚಾ ಕುಡಿದೆ ಅಕ್ಕ."

"ನಿನ್ನೆ ಮಧ್ಯಾಹ್ನ?"

ಗಿರಿಜಾ ಸೀರೆಯ ಮಡಿಕೆ ಸರಿ ಮಾಡತೊಡಗಿದಳು. ಗಂಡ ದುಡಿಯುತ್ತಿದ್ದ ಹೋಟೆಲು ಮುಚ್ಚಿ ಕೆಲವು ತಿಂಗಳಾಗಿತ್ತು ಎಂದು ಮೆಲ್ಲಗೆ ಬಾಯಿ ಬಿಟ್ಟಳು. ಒಲೆ ಹಚ್ಚುವುದು ದಿನಕ್ಕೆ ಒಂದೇ ಸಲ. ಗಂಡನಿಗೆ ಬಡಿಸಿ, ಮಗಳಿಗೆ ಬಡಿಸಿ, ಉಳಿದರೆ ಇವಳು. ಸಂಸ್ಥೆಯ ಹುಡುಗಿಯರು ಏನು ಅಡಿಗೆ ಎಂದು ಕೇಳಿದ್ದರು, ಇವಳು ಮಾಡಿದ ಅಡಿಗೆಯನ್ನು ಸರಿಯಾಗಿಯೇ ಹೇಳಿದ್ದಳು. ನಾವು ಹೆಂಗಸರು, ಏನು ಉಂಡಿರಿ ಎಂದು ಕೇಳಿದರೂ ಏನು ಮಾಡಿದೆವು ಎಂಬುದನ್ನೇ ಹೇಳುತ್ತೇವೆ. ಮಾಡಿದ್ದು ನಮ್ಮ ತಟ್ಟೆಗೂ ಬಂತೇ ಎಂದು ಯಾರೂ ಕೇಳುವುದಿಲ್ಲ, ನಮಗೂ ಹೇಳಿ ರೂಢಿಯಿಲ್ಲ.

ಮರಳುವಾಗ ಟ್ರೇನಿನಲ್ಲಿ ವಾರಿಜಕ್ಕ ಯಾರ ಸೊಪ್ಪನ್ನೂ ಬಿಡಿಸಲಿಲ್ಲ. ಡೊಂಬಿವಲಿಯಲ್ಲಿ ಇಳಿದು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತುಬಿಟ್ಟರು. ಜನ ನಮ್ಮನ್ನು ತಳ್ಳಿಕೊಂಡೇ ಹೋಗುತ್ತಿದ್ದರು. ಆಮೇಲೆ ಹೇಳಿದರು: "ನೀಲಾ, ನಾನು ಹಸಿವಿಗೆ ಫಸ್ಟ್ ರ‍್ಯಾಂಕ್ ಕೊಟ್ಟೆ."

ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಸಂಸ್ಥೆಯ ದೊಡ್ಡವರ ಮುಂದೆ ನಾವಿಬ್ಬರೂ ಕೂತಿದ್ದೆವು. ಅವರೇನೂ ಕೆಟ್ಟವರಲ್ಲ, ಅವಸರದವರು. ಆ ಮನೆಯನ್ನು ಬಿಟ್ಟು ಎರಡನೆಯವರಿಗೆ ಶಾಲು ಹೊದಿಸೋಣ, ವರದಿಯಲ್ಲಿ ಕಾರಣ ಒಂದು ಸಾಲು ಬರೆದರಾಯಿತು ಎಂದರು. ವಾರಿಜಕ್ಕ ಒಪ್ಪಲಿಲ್ಲ. ಕಾರಣ ಬರೆದರೆ ಇಡೀ ಚಾಳಿಗೆ ಗಿರಿಜಾಳ ಒಣಗಿದ ಪಾತ್ರೆ ಕಾಣಿಸುತ್ತದೆ. ಬರೆಯದಿದ್ದರೆ ನಾಳೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಗಿರಿಜಾ ಮೊದಲು ಬರುತ್ತಾಳೆ. "ತಕ್ಕಡಿಯೇ ಸರಿ ಇಲ್ಲ. ಬೆಲ್ಲ ಬದಲಾಯಿಸಿ ಏನು ಮಾಡುವುದು?" ಎಂದರು. ಮಾಪನ ತಪ್ಪಾಗಿದೆ, ತಪ್ಪು ನನ್ನದು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಅಲ್ಲೇ ಬರೆದುಕೊಟ್ಟರು. ಗಿರಿಜಾಳ ಹೆಸರೆತ್ತಲಿಲ್ಲ. ಸಮಾರಂಭ ನಿಂತಿತು. ಸ್ವಲ್ಪ ದಿನಕ್ಕೆ ಆ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ವರ್ಷಗಟ್ಟಲೆ ಕಟ್ಟಿದ್ದು ಒಂದು ಬೆಳಗಿನಲ್ಲಿ ಹೋಯಿತು. ನಾನು ಸಂಸ್ಥೆಯವರನ್ನು ಬಾಯಿಗೆ ಬಂದಂತೆ ಬೈದೆ. ಅವರು ಮಾತ್ರ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ಚೀಲ ಎತ್ತಿಕೊಂಡರು.

ಗಿರಿಜಾ ಸುಮ್ಮನಿರಲಿಲ್ಲ. ಆ ವಾರವೇ ಡೊಂಬಿವಲಿಗೆ ಬಂದಳು. ವಾರಿಜಕ್ಕನ ಮನೆ ಎಂಐಡಿಸಿಯ ಕಡೆ. ಕಾರ್ಖಾನೆಯ ಗಾಳಿ ಬೀಸಿದರೆ ಒಲೆಯ ಮೇಲಿನ ಸಾರಿನ ವಾಸನೆ ತಿಳಿಯದಂಥ ಜಾಗ. ನಾನೂ ಅಲ್ಲೇ ಇದ್ದೆ. ಅವಳು ಒಳಗೆ ಬರಲಿಲ್ಲ, ಹೊಸಿಲಿನ ಆಚೆಯೇ ನಿಂತಳು.

"ಕೊಡುದಿಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು ಅಕ್ಕ. ಚಾಳಿನವರಿಗೆ ನಾನೀಗ ಎಂತ ಹೇಳುದು? ಸೀರೆ ವಾಪಸ್ ಕೊಡುವಾಗ ಆಚೆಮನೆಯವಳು ನಕ್ಕಳು. ನನಗೊಂದು ಮರ್ಯಾದೆ ಸಿಕ್ಕಿತ್ತು, ಅದನ್ನೂ ಕಿತ್ಕೊಂಡ್ರಿ."

"ನನ್ನ ಲೆಕ್ಕ ತಪ್ಪಿತು ಗಿರಿಜಾ. ನಿನ್ನದೇನೂ ತಪ್ಪಿಲ್ಲ. ಊಟ ಮಾಡಿ ಹೋಗು."

"ನಿಮ್ಮನೇ ಊಟ ಬೇಡ" ಎಂದು ಅವಳು ಮೆಟ್ಟಿಲಿಳಿದು ಹೋದಳು.

ನನಗೆ ತಡೆಯಲಾಗಲಿಲ್ಲ. "ಖರೇ ಏನೈತಿ ಅಂತ ಹೇಳಬಾರದೇನ್ರಿ ಅಕ್ಕಾ? ನಿಮಗ ಬೈದು ಹೋದ್ಲಲ್ಲ!"

"ಹಸಿದವಳಿಗೆ ಅನ್ನ ಕೊಡಬೇಕು ನೀಲಾ. ಹಸಿದಿದ್ದೀ ಅಂತ ಸರ್ಟಿಫಿಕೇಟ್ ಕೊಡುವುದಲ್ಲ" ಎಂದರು. ಮರುದಿನವೇ ಪರಿಚಯದ ಹೋಟೆಲಿನವರೊಬ್ಬರ ಬಳಿ ಹೋಗಿ ಗಿರಿಜಾಳ ಗಂಡನಿಗೆ ಕೆಲಸ ಕೇಳಿದರು. ತಮ್ಮ ಹೆಸರು ಬರಕೂಡದು ಎಂದು ಆಣೆ ಹಾಕಿಸಿದರು. ಹೋಟೆಲಿನವರು ಒಳ್ಳೆಯ ದೋಸೆ ಭಟ್ಟನನ್ನು ಹುಡುಕುತ್ತಿದ್ದೇವೆಂದು ತಾವಾಗಿಯೇ ಹೇಳಿ ಕಳಿಸಿದ ಹಾಗೆ ಮಾಡಿ ಅವನನ್ನು ಕರೆಸಿಕೊಂಡರು.

ಮಾಪನವನ್ನು ವಾರಿಜಕ್ಕ ಬಿಡಲಿಲ್ಲ. ಸಂಸ್ಥೆಯಿಲ್ಲದೆ, ಸಂಬಳವಿಲ್ಲದೆ, ಮೊದಲಿನಿಂದ ಕಟ್ಟತೊಡಗಿದರು. ಈ ಸಲ ಎಲ್ಲಕ್ಕಿಂತ ಮೇಲೆ ಒಂದು ಪ್ರಶ್ನೆ ಬರೆದರು: ನಿನ್ನೆ ಈ ಮನೆಯಲ್ಲಿ ಕೊನೆಗೆ ಉಂಡವರು ಯಾರು, ಏನು ಉಂಡರು? ಅದಕ್ಕೆ ಉತ್ತರ ಸರಿ ಬರದಿದ್ದರೆ ಕೆಳಗಿನ ಯಾವ ಅಂಕವನ್ನೂ ಕೂಡಿಸುವಂತಿಲ್ಲ. "ಅಡಿಗೆ ಮಾಡಿದವಳಿಗಿಂತ ಬಡಿಸಿದವಳು ಮೇಲು ಅಂತ ಗಾದೆ ಮಾಡಿ ಇಟ್ಟಿದ್ದಾರೆ. ಬಡಿಸಿ ಆದ ಮೇಲೆ ಅವಳು ಎಂತ ಉಂಡಳು ಅಂತ ಗಾದೆ ಇಲ್ಲ ನೋಡು" ಎನ್ನುತ್ತಿದ್ದರು.  ನಮ್ಮ ಮನೆಯಲ್ಲಿ ಆ ಪ್ರಶ್ನೆ ಕೇಳಿದ ದಿನ ನನ್ನ ಗಂಡ ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತರು. ಆದರೆ ಅಂದಿನಿಂದ ಎರಡನೇ ಸಲ ಬಡಿಸಲು ಹೋದರೆ ಮೊದಲು ಪಾತ್ರೆಯೊಳಗೆ ಬಗ್ಗಿ ನೋಡುತ್ತಾರೆ. ಇಂದಿಗೂ ನೋಡುತ್ತಾರೆ. ವಾರಿಜಕ್ಕನ ಮಾಪನ ಯಾವ ಪುಸ್ತಕಕ್ಕೆ ಸೇರಿತೋ ನನಗೆ ಗೊತ್ತಿಲ್ಲ. ನಮ್ಮ ಮನೆಯ ಮಟ್ಟಿಗೆ ಅದು ಕೆಲಸ ಮಾಡಿತು.

ಕೆಲವು ವರ್ಷಗಳ ನಂತರ ಅವರಿಗೆ ಕಾಯಿಲೆಯಾಯಿತು. ಕಲ್ಯಾಣದಲ್ಲಿದ್ದ ತಮ್ಮ ಬಂದು ತನ್ನ ಮನೆಗೆ ಕರೆದುಕೊಂಡು ಹೋದರು. ತಮ್ಮನ ಹೆಂಡತಿ ಒಳ್ಳೆಯ ಹೆಂಗಸು. ದಿನಕ್ಕೊಂದು ಬಗೆ ಮಾಡುತ್ತಿದ್ದರು, ಬಿಸಿಬಿಸಿಯಾಗಿ ತಂದು ಮುಂದೆ ಇಡುತ್ತಿದ್ದರು. ವಾರಿಜಕ್ಕ ಮುಖ ತಿರುಗಿಸುತ್ತಿದ್ದರು. ಊರಿನ ಊಟವನ್ನೆಲ್ಲ ಅಳೆದವರಿಗೆ ತಮ್ಮ ಬಾಯಿಗೆ ಒಂದು ತುತ್ತು ಸೇರುತ್ತಿರಲಿಲ್ಲ. ತಮ್ಮನ ಹೆಂಡತಿ ಫೋನಿನಲ್ಲಿ ಅಳುತ್ತ ಇದನ್ನು ಹೇಳಿದಾಗ ನಾನು ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಹೊರಟೆ. ಹೊರಡುವ ಮೊದಲು ಯಾಕೋ ಗಿರಿಜಾಗೂ ಫೋನು ಮಾಡಿದೆ. ಅವಳು ಬರುತ್ತಾಳೆಂದು ನಂಬಿಕೆಯಿರಲಿಲ್ಲ.

ಕಲ್ಯಾಣ ಸ್ಟೇಷನ್ನಿನ ಮೆಟ್ಟಿಲ ಬಳಿ ಅವಳು ಒಂದು ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದಳು. ಮೈ ತುಂಬಿಕೊಂಡಿದ್ದಳು. ಮೊದಲು ನನಗೆ ಗುರುತೇ ಸಿಗಲಿಲ್ಲ. ರಿಕ್ಷಾದಲ್ಲಿ ಕೂತ ಮೇಲೆ ಅವಳೇ ಮಾತು ತೆಗೆದಳು.

"ಅವತ್ತು ಅಕ್ಕ ಪಾತ್ರೆ ಮುಟ್ಟಿ ನೋಡಿದ್ದು ನಾನು ಕಂಡಿದ್ದೆ ನೀಲಕ್ಕ. ಸಮಾರಂಭ ಯಾಕೆ ನಿಂತದ್ದು ಅಂತ ನನಗೆ ಗೊತ್ತಿತ್ತು."

"ಮತ್ಯಾಕ ಹಂಗ ಬೈದ್ಯವಾ ಅವರಿಗೆ?"

"ಬೈಯದಿದ್ರೆ ಅಲ್ಲೇ ಅತ್ತುಬಿಡ್ತಿದ್ದೆ. ಅತ್ರೆ ಅವರು ಊಟಕ್ಕೆ ಕೂರಿಸ್ತಿದ್ರು. ಉಂಡ್ರೆ ಹಸಿದಿದ್ದೆ ಅಂತ ಒಪ್ಪಿದ ಹಾಗಲ್ದಾ?" ಎಂದು ಡಬ್ಬಿಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. "ಇವರಿಗೆ ಕೆಲಸ ಕೊಡಿಸಿದ್ದೂ ಅಕ್ಕನೇ ಅಂತ ಹೋಟೆಲಿನವರ ಬಾಯಿಂದ ಬಂತು. ಆಗಿಂದ ಬರ್ಬೇಕು ಬರ್ಬೇಕು ಅಂತ್ಲೇ ಇದ್ದೆ. ಯಾವ ಮುಖ ಹೊತ್ತು ಬರುದು?"

ವಾರಿಜಕ್ಕ ಮಂಚದ ಮೇಲೆ ಅರ್ಧ ಆಗಿ ಮಲಗಿದ್ದರು. ಬಟ್ಟಲುಗಳ ಚೀಲ ತಲೆದಿಂಬಿನ ಪಕ್ಕದ ಗೂಟದಲ್ಲಿ ನೇತಾಡುತ್ತಿತ್ತು. ನನ್ನನ್ನು ನೋಡಿ ನಕ್ಕರು, ರೊಟ್ಟಿಯನ್ನು ನೋಡಿ ಕೈಯಾಡಿಸಿ ಬೇಡವೆಂದರು. ಆಮೇಲೆ ಬಾಗಿಲಲ್ಲಿ ನಿಂತ ಗಿರಿಜಾಳನ್ನು ನೋಡಿದರು. ತುಂಬ ಹೊತ್ತು ನೋಡಿದರು.  ಅವರ ದನಿ ಬಹಳ ಇಳಿದುಹೋಗಿತ್ತು. ಆದರೂ ಪ್ರಶ್ನೆ ಅದೇ.

"ನಿನ್ನೆದ್ದು ಏನಾದ್ರೂ ಉಂಟಾ ಗಿರಿಜಾ?"

"ಇತ್ತು ಅಕ್ಕ" ಎಂದು ಗಿರಿಜಾ ಮಂಚದ ಪಕ್ಕ ಕೂತು ಡಬ್ಬಿಯ ಮುಚ್ಚಳ ತೆಗೆದಳು. ಬಂಗುಡೆ ಮೀನಿನ ಸಾರಿನ ವಾಸನೆ ಕೋಣೆಯಲ್ಲೆಲ್ಲ ತುಂಬಿತು. ಆ ದಿನ ನಾನು ಮೂಗು ಮುಚ್ಚಿಕೊಳ್ಳಲಿಲ್ಲ. "ನಿನ್ನೆ ಮಾಡಿದ್ದು. ಉಳಿದಿತ್ತು."

ವಾರಿಜಕ್ಕ ಡಬ್ಬಿಯನ್ನು ನೋಡಿದರು, ಅವಳ ಮುಖವನ್ನು ನೋಡಿದರು.

"ನೀನು ಉಂಡೆಯಾ?"

"ಹೊಟ್ಟೆ ತುಂಬ ಉಂಡೆ ಅಕ್ಕ. ನಾನು ಉಂಡ ಮೇಲೆ ಉಳಿದದ್ದು."

ವಾರಿಜಕ್ಕ ಗೋಡೆಯ ಕಡೆ ಕೈ ತೋರಿಸಿದರು. ನಾನು ಚೀಲ ಇಳಿಸಿ ಎಲ್ಲಕ್ಕಿಂತ ಸಣ್ಣ ಬಟ್ಟಲನ್ನು ತೆಗೆದೆ. ಅವರು ಸಾಲದೆಂದು ತಲೆಯಾಡಿಸಿದರು. ಅದಕ್ಕಿಂತ ದೊಡ್ಡದನ್ನು ತೆಗೆದು ತೋರಿಸಿದೆ, "ಇಷ್ಟಾ ಅಕ್ಕಾ?"

"ಇಷ್ಟು" ಎಂದು ಗಿರಿಜಾಳ ಕಡೆ ತಿರುಗಿದರು. "ಹಾಗಾದ್ರೆ ಬಡಿಸು."

ನಾನು ಅವರನ್ನು ಕಂಡದ್ದು ಅದೇ ಕೊನೆ. ಗಿರಿಜಾ ಬಡಿಸಿದಳು. ವಾರಿಜಕ್ಕ ಉಂಡರು.